ಪುಟ್ಟ ಮನೆಗೆ ಯಾವ ಗೋಡೆ? ಮಣ್ಣು, ಕಲ್ಲು, ಬಿದಿರು, ಹುಲ್ಲು: ಹೋಲಿಸಿ ನೋಡೋಣ

ಪರಿಸರಕ್ಕೆ ಹೊರೆಯಾಗದ ಚಿಕ್ಕ ಮನೆ ಕಟ್ಟಬೇಕು ಅಂತ ಹೊರಟವರು ಸಾಮಾನ್ಯವಾಗಿ ಚಿತ್ರ ನೋಡಿಯೇ ಸಾಮಗ್ರಿ ಆರಿಸಿಬಿಟ್ಟಿರುತ್ತಾರೆ. ದುಂಡು ಮೂಲೆಯ ಮಣ್ಣಿನ ಗೋಡೆ, ಪದರ ಪದರವಾಗಿ ಕಾಣುವ ಕೆಂಪು ಗೋಡೆ, ಬಿದಿರಿನ ಕಮಾನು. ಎಲ್ಲವೂ ಚೆಂದವೇ. ಆದರೆ ಆ ಚಿತ್ರಗಳನ್ನು ತೆಗೆದಿರುವುದು ಬಿಸಿಲಿನ ದಿನ. ಗೋಡೆಯ ಹಣೆಬರಹ ಗೊತ್ತಾಗುವುದು ಮಳೆಗಾಲದಲ್ಲಿ.

ಹಾಗಾಗಿ ಪ್ರತಿ ಸಾಮಗ್ರಿಯ ಬಗ್ಗೆಯೂ ನಾನು ಮೊದಲು ಕೇಳುವುದು ನೀರಿನ ವಿಷಯ. ಗೋಡೆಗೆ ನೀರು ಎಲ್ಲಿಂದ ತಾಗುತ್ತದೆ? ತಾಗಿದ್ದು ಹೇಗೆ ಆರುತ್ತದೆ? ಆರದಿದ್ದರೆ ಏನು ಹಾಳಾಗುತ್ತದೆ, ಅದನ್ನು ಯಾರು ಸರಿ ಮಾಡುತ್ತಾರೆ? ಇನ್ನೊಂದು ಮಾತು: ಇಡೀ ಮನೆಯನ್ನು ಒಂದೇ ಸಾಮಗ್ರಿಯಲ್ಲಿ ಕಟ್ಟುವ ಹಟ ಬೇಡ. ಪಾಯಕ್ಕೆ ಕಲ್ಲು, ಗೋಡೆಗೆ ಮಣ್ಣು, ಬಚ್ಚಲಿಗೆ ಸುಟ್ಟ ಇಟ್ಟಿಗೆ ಅಂತ ಬೇರೆ ಬೇರೆ ಹಾಕಿದರೆ ಮನೆಯ ಪರಿಸರ ಪ್ರೀತಿ ಏನೂ ಕಡಿಮೆಯಾಗುವುದಿಲ್ಲ, ಬಾಳಿಕೆ ಮಾತ್ರ ಜಾಸ್ತಿಯಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಒಂದಂತಸ್ತಿನ, ಐನೂರು ಚದರ ಅಡಿಯೊಳಗಿನ ಮನೆಗೆ. ಮಹಡಿ ಏರಿಸುವ ಯೋಚನೆ ಇದ್ದರೆ ಲೆಕ್ಕವೇ ಬೇರೆ, ಅದಕ್ಕೆ ಎಂಜಿನಿಯರ್ ಬೇಕೇ ಬೇಕು.

ಮೊದಲು ಟೇಪು ಹಿಡಿಯಿರಿ

ಚಿಕ್ಕ ಮನೆಯಲ್ಲಿ ಗೋಡೆಯ ದಪ್ಪವೇ ಜಾಗ ನುಂಗುತ್ತದೆ. ಎಷ್ಟೋ ಜನ ಇದನ್ನು ಗಮನಿಸುವುದು ಪಾಯ ಎದ್ದ ಮೇಲೆ. ಹೊರಗಿನ ಅಳತೆ 20 ಅಡಿ ಉದ್ದ, 16 ಅಡಿ ಅಗಲ ಅಂತ ಇಟ್ಟುಕೊಳ್ಳಿ. ಒಟ್ಟು 320 ಚದರ ಅಡಿ. ಸುತ್ತ 18 ಇಂಚಿನ ಮುದ್ದೆ ಮಣ್ಣಿನ ಗೋಡೆಯೋ ಕಾಡುಗಲ್ಲಿನ ಗೋಡೆಯೋ ಬಂದರೆ ಒಳಗೆ ಉಳಿಯುವುದು 221 ಚದರ ಅಡಿ. 12 ಇಂಚಿನ ದಿಮ್ಮಿಸಿದ, ಅಂದರೆ ಹಲಗೆಗಳ ನಡುವೆ ಕುಟ್ಟಿ ಗಟ್ಟಿ ಮಾಡಿದ ಮಣ್ಣಿನ ಗೋಡೆಯಾದರೆ 252. 9 ಇಂಚಿನ ಇಟ್ಟಿಗೆ ಗೋಡೆಗೆ 268. ಬಿದಿರಿನ ತಟ್ಟಿ ಕಟ್ಟಿ ಎರಡೂ ಕಡೆ ಮಣ್ಣು ಬಳಿದ 4 ಇಂಚಿನ ಗೋಡೆಗೆ ಹತ್ತಿರ ಹತ್ತಿರ 296. ಗಿಲಾವೂ ಸೇರಿ 20 ಇಂಚು ಬರುವ ಹುಲ್ಲಿನ ಪಿಂಡಿಯ ಗೋಡೆಯಾದರೆ 211.

ಬಿದಿರಿಗೂ ಹುಲ್ಲಿಗೂ ನಡುವೆ 85 ಚದರ ಅಡಿ ವ್ಯತ್ಯಾಸ. ಒಬ್ಬರು ಮಲಗುವ ಕೋಣೆಯೇ ಅಲ್ವಾ ಅದು? ದೊಡ್ಡ ಮನೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಪುಟ್ಟ ಮನೆಯಲ್ಲಿ ದಪ್ಪ ಗೋಡೆ ಬೇಕಿದ್ದರೆ ಅದರಿಂದ ಕೆಲಸ ತೆಗೆಸಬೇಕು. ಕಿಟಕಿಯ ಕೆಳಗೆ ಕೂರುವ ಕಟ್ಟೆ, ಗೋಡೆಯೊಳಗೇ ಗೂಡು, ಪುಸ್ತಕದ ಅರೆ. ಆಗ ಬೇರೆ ಪೀಠೋಪಕರಣಕ್ಕೆ ಜಾಗ ಕೊಡಬೇಕಿಲ್ಲ.

ಕಾಲ ಕೆಳಗೆ ಏನಿದೆ?

ಸ್ಥಳೀಯ ಅನ್ನುವುದಕ್ಕೆ ಇಲ್ಲಿ ತೂಕದ ಅರ್ಥ ಇದೆ. ಮೇಲಿನ ಮನೆಗೆ 9 ಅಡಿ ಎತ್ತರದ ಮುದ್ದೆ ಗೋಡೆ ಕಟ್ಟಿದರೆ, ಬಾಗಿಲು ಕಿಟಕಿ ಕಳೆದು ಸುಮಾರು 740 ಘನ ಅಡಿ ಮಣ್ಣು ಬೇಕು. ತೂಕ 35 ಟನ್ ದಾಟುತ್ತದೆ. ಇಷ್ಟನ್ನು ಲಾರಿಯಲ್ಲಿ ದೂರದಿಂದ ತರಿಸುವುದಾದರೆ ನೈಸರ್ಗಿಕ ಅನ್ನುವ ಹೆಸರಿಗೆ ಡೀಸೆಲ್ ವಾಸನೆ ಬರುತ್ತದೆ. ನಿಮ್ಮ ಜಾಗದಲ್ಲೇ ಅಗೆದರೆ 10 ಅಡಿಗೆ 10 ಅಡಿ, ಮೇಲಿನ ಒಂದಡಿ ಬಿಟ್ಟು ಏಳೂವರೆ ಅಡಿ ಆಳದ ಒಂದು ಗುಂಡಿ. ಅದೇ ಮುಂದೆ ಮಳೆನೀರಿನ ತೊಟ್ಟಿಯಾಗಬಹುದು. ಮನೆಯಿಂದ ದೂರ ಅಗೆಯಿರಿ ಅಷ್ಟೇ. ಪಾಯದ ಪಕ್ಕ ಗುಂಡಿ ತೋಡಿ ನೀರು ನಿಲ್ಲಿಸಬೇಡಿ.

ಮೇಲಿನ ಒಂದಡಿ ಮಣ್ಣು ಗೋಡೆಗೆ ಬರುವುದಿಲ್ಲ. ಅದರಲ್ಲಿ ಬೇರು, ಕೊಳೆತ ಎಲೆ ಎಲ್ಲ ಇರುತ್ತದೆ. ಅದನ್ನು ಗಿಡಕ್ಕೆ ತೆಗೆದಿಡಿ. ಅದರ ಕೆಳಗಿನ ಮಣ್ಣನ್ನು ಪರೀಕ್ಷೆ ಮಾಡಿ. ಅಗಲ ಬಾಯಿಯ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ. ಹೆಂಟೆ ಇರಬಾರದು, ಪುಡಿ ಮಾಡಿರಬೇಕು. ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ, ಚೆನ್ನಾಗಿ ಕುಲುಕಿ ಅಲುಗಾಡದ ಕಡೆ ಇಡಿ. ಮರಳು ಒಂದು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ಹೂಳು ಕೂರುವುದಕ್ಕೆ ಗಂಟೆ, ಎರಡು ಗಂಟೆ. ಜೇಡಿ ಕೂರುವುದಕ್ಕೆ ಒಂದು ದಿನವಾದರೂ ಬೇಕು. ಮಾರನೇ ದಿನ ಬಾಟಲಿಗೆ ಸ್ಕೇಲ್ ಹಿಡಿದರೆ ಮೂರೂ ಪದರ ಅಳೆಯಬಹುದು. ನೀರು ಹೀರಿದ ಜೇಡಿ ಉಬ್ಬಿರುತ್ತದೆ, ಹಾಗಾಗಿ ಬಾಟಲಿಯಲ್ಲಿ ಕಂಡಷ್ಟು ಜೇಡಿ ನಿಜಕ್ಕೂ ಇರುವುದಿಲ್ಲ. ಇದನ್ನು ನೆನಪಿಡಿ.

ಇನ್ನೊಂದು ಪರೀಕ್ಷೆಗೆ ಕೈ ಸಾಕು. ಮಣ್ಣನ್ನು ನೆನೆಸಿ, ನಾದಿ, ಹೆಬ್ಬೆರಳ ದಪ್ಪಕ್ಕೆ ಹೊಸೆಯಿರಿ. ಮೇಜಿನ ಅಂಚಿನಿಂದ ಮೆಲ್ಲಗೆ ಹೊರಗೆ ತಳ್ಳುತ್ತಾ ಹೋಗಿ. 5 ಸೆಂಟಿಮೀಟರ್‌ಗೆ ಮುಂಚೆ ಮುರಿದರೆ ಮರಳು ಜಾಸ್ತಿ. 15 ದಾಟಿಯೂ ಮುರಿಯದಿದ್ದರೆ ಜೇಡಿ ಜಾಸ್ತಿ. ನಡುವೆ ಮುರಿದರೆ ಕೆಲಸಕ್ಕೆ ಬರುವ ಮಣ್ಣು.

ಮರಳು ಜಾಸ್ತಿ ಇದ್ದು, ಜೇಡಿ ಶೇ. 10ರಿಂದ 20ರೊಳಗೆ ಇದ್ದರೆ ಯಂತ್ರದಲ್ಲಿ ಒತ್ತುವ ಇಟ್ಟಿಗೆಗೆ, ದಿಮ್ಮಿಸುವ ಗೋಡೆಗೆ ಸರಿ. ಜೇಡಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಹುಲ್ಲು ಬೆರೆಸಿದ ಮುದ್ದೆ ಗೋಡೆಗೆ, ಹಸಿ ಇಟ್ಟಿಗೆಗೆ ಸರಿ. ಒಣಗಿದಾಗ ಬೆರಳು ತೂರುವಷ್ಟು ಬಿರುಕು ಬಿಡುವ ಕಪ್ಪು ಮಣ್ಣಾದರೆ ಎರಡು ತಲೆನೋವು. ಗೋಡೆಗೆ ಬಹಳ ಮರಳು ಬೆರೆಸಬೇಕು, ಜೊತೆಗೆ ಪಾಯವೂ ಮಳೆ ಬಿಸಿಲಿಗೆ ಏರಿ ಇಳಿಯುತ್ತದೆ. ಅಂಥ ಜಾಗದಲ್ಲಿ ಭಾರದ ಗೋಡೆಗಿಂತ ಹಗುರ ಗೋಡೆಯೇ ವಾಸಿ.

ಮುದ್ದೆ ಗೋಡೆ, ಹಸಿ ಇಟ್ಟಿಗೆ

ಎರಡರದ್ದೂ ಸಾಮಗ್ರಿ ಒಂದೇ: ಮಣ್ಣು, ನೀರು, ಹುಲ್ಲು. ಮುದ್ದೆ ಗೋಡೆಯಲ್ಲಿ ತುಳಿದ ಮಣ್ಣನ್ನು ನೇರವಾಗಿ ಗೋಡೆಯ ಮೇಲೆ ಹಾಕಿ ಒತ್ತುತ್ತಾ ಏರಿಸುತ್ತಾರೆ. ಇದಕ್ಕೆ ಕಾಬ್ ಅಂತಲೂ ಹೆಸರಿದೆ. ಹಸಿ ಇಟ್ಟಿಗೆಯನ್ನು ಅಚ್ಚಿನಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ, ಆಮೇಲೆ ಮಣ್ಣಿನ ಕಲಸಿನಲ್ಲೇ ಕಟ್ಟುತ್ತಾರೆ.

ಮುದ್ದೆ ಗೋಡೆಯ ಸುಖ ಅಂದರೆ ಯಂತ್ರ ಬೇಡ, ಅಚ್ಚು ಬೇಡ, ಯಾವ ಆಕಾರಕ್ಕೂ ಬಗ್ಗುತ್ತದೆ. ಕಷ್ಟ ಅಂದರೆ ಸಮಯ. ಒಂದು ಸಲಕ್ಕೆ ಒಂದು, ಒಂದೂವರೆ ಅಡಿಗಿಂತ ಏರಿಸಿದರೆ ಕೆಳಗಿನ ಹಸಿ ಮಣ್ಣು ಉಬ್ಬಿಕೊಳ್ಳುತ್ತದೆ. ಅದು ಬಿಗಿಯಾಗುವವರೆಗೆ ಕಾಯಬೇಕು. ಜೊತೆಗೆ ಆ 35 ಟನ್ ಮಣ್ಣು ಪೂರ್ತಿ ಮನುಷ್ಯರ ಕೈಯಲ್ಲೇ ಮೇಲೇರಬೇಕು. ಕೈಜೋಡಿಸುವ ಸ್ನೇಹಿತರು, ಕೆಲಸಕ್ಕೆ ಉದ್ದದ ಒಣ ಕಾಲ ಎರಡೂ ಇದ್ದರೆ ಮಾತ್ರ ಇದನ್ನು ಆರಿಸಿ. ಕೂಲಿ ಕೊಟ್ಟು ಪೂರ್ತಿ ಮಾಡಿಸುವುದಾದರೆ ಅಗ್ಗದ ಮಣ್ಣು ಅಗ್ಗವಾಗಿ ಉಳಿಯುವುದಿಲ್ಲ.

ಹಸಿ ಇಟ್ಟಿಗೆಯ ಲಾಭ ಬೇರೆ. ಕುಗ್ಗುವುದೆಲ್ಲ ನೆಲದ ಮೇಲೆ ಒಣಗುವಾಗಲೇ ಮುಗಿದಿರುತ್ತದೆ. ಬಿರುಕು ಬಿಟ್ಟದ್ದನ್ನು ಪಕ್ಕಕ್ಕೆ ಇಟ್ಟು ಮತ್ತೆ ನೆನೆಸಬಹುದು. ಗೋಡೆ ಬೇಗ ಏಳುತ್ತದೆ. ಯೆಮೆನ್‌ನ ಶಿಬಾಮ್ ಊರಿನಲ್ಲಿ 16ನೇ ಶತಮಾನದಿಂದ ಹಸಿ ಇಟ್ಟಿಗೆಯಲ್ಲಿ ಏಳಂತಸ್ತಿನವರೆಗಿನ ಮನೆಗಳನ್ನು ಕಟ್ಟುತ್ತಾ ಬಂದಿದ್ದಾರೆ. 1982ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಮಣ್ಣಿಗೆ ಶಕ್ತಿ ಇಲ್ಲ ಅನ್ನುವವರಿಗೆ ಇದನ್ನು ತೋರಿಸಬಹುದು. ಆದರೆ ಅದು ಮಳೆ ಕಡಿಮೆಯ ನಾಡು ಅನ್ನುವುದನ್ನೂ ಹೇಳಬೇಕು.

ಹಾಗಂತ ಮಳೆನಾಡಿಗೆ ಮಣ್ಣು ಆಗುವುದೇ ಇಲ್ಲ ಅಂತಲ್ಲ. ಇಂಗ್ಲೆಂಡಿನ ಡೆವನ್ ಪ್ರದೇಶದಲ್ಲಿ ವರ್ಷವಿಡೀ ಮಳೆ, ಆದರೂ ನೂರಾರು ವರ್ಷದ ಮುದ್ದೆ ಗೋಡೆ ಮನೆಗಳಲ್ಲಿ ಜನ ಇವತ್ತಿಗೂ ಇದ್ದಾರೆ. ಅಲ್ಲಿ ಗೋಡೆ ಕಲ್ಲಿನ ಪಾಯದ ಮೇಲೆ ನಿಂತಿರುತ್ತದೆ, ಸೂರು ಹೊರಗೆ ಚಾಚಿರುತ್ತದೆ. ಮಾಲಿ ದೇಶದ ಜೆನ್ನೆಯ ದೊಡ್ಡ ಮಣ್ಣಿನ ಮಸೀದಿಗೆ ಅಂಥ ಸೂರಿಲ್ಲ. ಈಗಿರುವ ಕಟ್ಟಡ 1907ರದ್ದು. ಅದಕ್ಕೆ ವರ್ಷವರ್ಷವೂ ಊರಿನವರೆಲ್ಲ ಸೇರಿ ಹೊಸ ಮಣ್ಣು ಬಳಿಯುತ್ತಾರೆ. ಎರಡೂ ನಿಂತಿವೆ. ಒಂದು ಸೂರಿನಿಂದ, ಇನ್ನೊಂದು ದುರಸ್ತಿಯಿಂದ. ನಿಮ್ಮ ಊರಿನಲ್ಲಿ ಬಳಿಯಲು ಜನ ಸಿಗದಿದ್ದರೆ ಸೂರಿಗೆ ಖರ್ಚು ಮಾಡಿ.

ದಿಮ್ಮಿಸಿದ ಗೋಡೆ

ಈಗ ಎಲ್ಲರೂ ರ‍್ಯಾಮ್ಡ್ ಅರ್ತ್ ಅನ್ನುತ್ತಾರೆ. ತೇವ ಇದೆಯೋ ಇಲ್ಲವೋ ಅನ್ನುವಂಥ ಮಣ್ಣನ್ನು ಹಲಗೆಗಳ ನಡುವೆ ಐದಾರು ಇಂಚು ಹಾಕಿ, ದಿಮ್ಮಸಿನಿಂದ ಕುಟ್ಟಿ, ಮೇಲೆ ಇನ್ನೊಂದು ಪದರ. ಹಲಗೆ ಬಿಚ್ಚಿದರೆ ಗೋಡೆ ತಯಾರು, ಗಿಲಾವೂ ಬೇಡ. ನೋಡುವುದಕ್ಕೆ ಎಲ್ಲಕ್ಕಿಂತ ಚೆಂದ. ಚೀನಾದ ಮಹಾಗೋಡೆಯ ಪಶ್ಚಿಮದ ತುಂಡುಗಳು ಇದೇ ವಿಧಾನದವು.

ಪುಟ್ಟ ಮನೆಗೆ ಮಾತ್ರ ನಾನು ಇದನ್ನು ಸುಲಭವಾಗಿ ಹೇಳುವುದಿಲ್ಲ. ಖರ್ಚೆಲ್ಲ ಹಲಗೆಯಲ್ಲಿದೆ. ಕುಟ್ಟುವಾಗ ಹಲಗೆ ಒಂದಿಷ್ಟೂ ಉಬ್ಬಬಾರದು, ಹಾಗಾಗಿ ಭಾರಿ ಗಟ್ಟಿ ಚೌಕಟ್ಟು ಬೇಕು. ಅಷ್ಟು ಮಾಡಿಸಿ ನಾಲ್ಕು ಗೋಡೆಗೆ ಬಳಸಿ ಬಿಸಾಡಿದರೆ ಏನು ಬಂತು? ಪಕ್ಕದಲ್ಲಿ ಇನ್ನೂ ಮೂರು ಮನೆ ಇದೇ ಹಲಗೆಯಲ್ಲಿ ಏಳುವುದಾದರೆ ಮಾತು ಬೇರೆ. ನೀರಿನ ಹದ ತಪ್ಪಿದರೂ ಕಷ್ಟ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ. ಪುಡಿ ಪುಡಿಯಾದರೆ ಕಡಿಮೆ.

ಒತ್ತಿದ ಮಣ್ಣಿನ ಇಟ್ಟಿಗೆ, ಅದರೊಳಗಿನ ಸಿಮೆಂಟ್

ಮೇಸ್ತ್ರಿ ಬಾಯಲ್ಲಿ ಮಡ್ ಬ್ಲಾಕ್. ಮರಳು ಹೆಚ್ಚಿರುವ ಮಣ್ಣಿಗೆ ಶೇ. 5ರಿಂದ 8 ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಚಿಮುಕಿಸಿ ಹದ ಮಾಡಿದ ಇಟ್ಟಿಗೆ. ಗೂಡಿನಲ್ಲಿ ಸುಡುವುದಿಲ್ಲ. 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ರಾವುಲ್ ರಾಮಿರೆಜ್ ಎಂಬ ಎಂಜಿನಿಯರ್ ಕೈಯಿಂದ ಸನ್ನೆ ಎಳೆದು ಒತ್ತುವ ಸಿನ್ವಾ ರಾಮ್ ಯಂತ್ರ ಮಾಡಿದರು. ಆಮೇಲೆ ಬಂದ ಎಷ್ಟೋ ಕೈಯಂತ್ರಗಳಿಗೆ ಅದೇ ದಾರಿ ತೋರಿಸಿತು.

ಸಿಮೆಂಟ್ ಬೆರೆಸಿದ ಮೇಲೆ ಅದು ನೈಸರ್ಗಿಕವೇ? ಈ ವಾದ ಮುಗಿಯುವುದಿಲ್ಲ. ಲೆಕ್ಕ ನೋಡೋಣ. ನಮ್ಮ 20x16ರ ಮನೆಗೆ 19 ಸೆಂಟಿಮೀಟರ್ ದಪ್ಪದ ಗೋಡೆ ಕಟ್ಟಿದರೆ, ಸುಮಾರು 8 ಕಿಲೋ ತೂಗುವ ಇಟ್ಟಿಗೆ 1,850ರ ಆಸುಪಾಸು ಬೇಕು. ಒಡೆದದ್ದು ಬಿಟ್ಟದ್ದು ಸೇರಿ 2,000 ಅನ್ನಿ. ಶೇ. 7 ಸಿಮೆಂಟ್ ಅಂದರೆ ಒಂದು ಇಟ್ಟಿಗೆಗೆ ಅರ್ಧ ಕಿಲೋಗಿಂತ ತುಸು ಜಾಸ್ತಿ. ಒಟ್ಟು 50 ಕಿಲೋದ 22 ಮೂಟೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8ರಷ್ಟು ಬರುವುದು ಸಿಮೆಂಟ್ ತಯಾರಿಕೆಯಿಂದ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುಣ್ಣದ ಕಲ್ಲಿನೊಳಗಿಂದಲೇ ಹೊರಡುತ್ತದೆ, ಉರುವಲು ಬದಲಿಸಿದರೂ ಅದು ತಪ್ಪುವುದಿಲ್ಲ. ಹಾಗಾಗಿ 22 ಮೂಟೆ ಸುಮ್ನೆ ಅಲ್ಲ.

ಆದರೆ ಆ 22 ಮೂಟೆಯಿಂದ ಸಿಗುವುದೇನು? ಮಳೆಗೆ ಕರಗದ ಗೋಡೆ. 35 ಟನ್ ಬದಲು 16 ಟನ್ ಭಾರ. ಮುದ್ದೆ ಗೋಡೆಗಿಂತ ಒಳಗೆ ಸುಮಾರು ಐವತ್ತೈದು ಚದರ ಅಡಿ ಜಾಸ್ತಿ ಜಾಗ. ಯಾವ ಸಾಧಾರಣ ಮೇಸ್ತ್ರಿಯೂ ಹೊಸದಾಗಿ ಕಲಿಯದೆ ಕಟ್ಟಬಲ್ಲ. ವರ್ಷವರ್ಷ ದುರಸ್ತಿ ಮಾಡಲಾಗದವರಿಗೆ, ಜಾಗ ಇಕ್ಕಟ್ಟಾಗಿರುವವರಿಗೆ ನನ್ನ ಮೊದಲ ಮಾತು ಇದೇ. ಜೇಡಿ ಹೆಚ್ಚಿರುವ ಮಣ್ಣಾದರೆ ಸಿಮೆಂಟ್ ಬದಲು ಸುಣ್ಣ ಬೆರೆಸಬಹುದು. ಅದು ನಿಧಾನ, ಆದರೆ ಜೇಡಿಯ ಜೊತೆ ಚೆನ್ನಾಗಿ ಕೂಡುತ್ತದೆ. ಎಲ್ಲ ಗೋಡೆಗೂ ಸಿಮೆಂಟ್ ಬೇಕು ಅಂತಲೂ ಇಲ್ಲ. ಮಳೆ ಹೊಡೆಯುವ ಕಡೆಗೆ ಸಿಮೆಂಟಿನ ಇಟ್ಟಿಗೆ, ಒಳಗಿನ ಅಡ್ಡಗೋಡೆಗೆ ಸಿಮೆಂಟಿಲ್ಲದ ಇಟ್ಟಿಗೆ ಹಾಕಿದರೆ ಹಲವು ಮೂಟೆ ಉಳಿಯುತ್ತದೆ.

ಕಲ್ಲು, ಜಂಬಿಟ್ಟಿಗೆ

ಹತ್ತಿರದಲ್ಲೇ ಸಿಕ್ಕರೆ ಹೆಚ್ಚು ಯೋಚನೆ ಬೇಡ. ಜಂಬಿಟ್ಟಿಗೆ, ಅಂದರೆ ಮುರಕಲ್ಲು, ನೆಲದಿಂದ ಕೊಯ್ಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಕೊಯ್ದ ತಕ್ಷಣ ಕಟ್ಟಬೇಡಿ. ಕಾಡುಗಲ್ಲಿನ ಗೋಡೆಗೆ ಒಳ್ಳೆಯ ಕೈ ಬೇಕು. ಗೋಡೆಯ ಈಚೆ ಮುಖದಿಂದ ಆಚೆ ಮುಖದವರೆಗೆ ಹಾಯುವ ಉದ್ದ ಕಲ್ಲುಗಳನ್ನು ನಡುನಡುವೆ ಇಡಲೇಬೇಕು. ಇಲ್ಲದಿದ್ದರೆ ಅದು ಎರಡು ತೆಳು ಗೋಡೆ, ನಡುವೆ ಚೂರು ಕಲ್ಲು. ನೆಲ ಅಲುಗಿದರೆ ಎರಡೂ ಹೊಟ್ಟೆ ಬಿಟ್ಟು ಬೀಳುತ್ತವೆ. ಹೊಸ ಗಣಿಯ ಕಲ್ಲಿಗಿಂತ ಕೆಡವಿದ ಹಳೆಯ ಮನೆಯ ಕಲ್ಲು ಸಿಕ್ಕರೆ ಅದೇ ಎಲ್ಲಕ್ಕಿಂತ ಪರಿಸರಸ್ನೇಹಿ.

ಪೂರ್ತಿ ಗೋಡೆಗೆ ಕಲ್ಲು ಹಾಕದಿದ್ದರೂ ಪಾಯದಿಂದ ನೆಲಮಟ್ಟದ ಮೇಲೆ ಒಂದೂವರೆ ಅಡಿಯವರೆಗೆ ಕಲ್ಲೇ ಇರಲಿ. ಸೂರಿನಿಂದ ಬಿದ್ದ ಹನಿ ನೆಲಕ್ಕೆ ಹೊಡೆದು ಅಡಿಯಷ್ಟು ಮೇಲೆ ಚಿಮ್ಮುತ್ತದೆ. ಎಷ್ಟೋ ಮಣ್ಣಿನ ಗೋಡೆ ಸವೆಯಲು ಶುರುವಾಗುವುದು ಆ ಒಂದಡಿಯಲ್ಲೇ.

ಬಿದಿರು

ಬೇಗ ಬೆಳೆಯುತ್ತದೆ, ಹಗುರ, ಮೂರರಿಂದ ಐದು ವರ್ಷಕ್ಕೆ ಮನೆಗೆ ಬರುವಷ್ಟು ಬಲಿಯುತ್ತದೆ. ಎಳೆಯದನ್ನು ಕಡಿದರೆ ಒಣಗುವಾಗ ಸುಕ್ಕಾಗಿ ಸೀಳುತ್ತದೆ. ಬಿದಿರಿನ ಶತ್ರುಗಳು ಮೂರು: ಬಿಸಿಲು, ನೀರು, ಹುಳ. ಒಳಗಿನ ಪಿಷ್ಟ ತಿನ್ನುವುದಕ್ಕೆ ಬರುವ ಹುಳ ಗೆಣ್ಣಿನ ಪಕ್ಕ ಸಣ್ಣ ತೂತು ಕೊರೆದು ಹಿಟ್ಟಿನಂಥ ಪುಡಿ ಉದುರಿಸುತ್ತದೆ. ನೆಲದ ಮೇಲೆ ಆ ಪುಡಿ ಕಂಡರೆ ಆಗಲೇ ತಡವಾಗಿದೆ ಅಂತ ಅರ್ಥ. ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ಬಿದಿರನ್ನು ಮುಳುಗಿಸಿ ಇಟ್ಟರೆ ಹುಳ ಹತ್ತಿರ ಬರುವುದಿಲ್ಲ. ನೀರು ಒಳಹೋಗಲು ಗೆಣ್ಣುಗಳ ಒಳಗಿನ ತಡೆಯನ್ನು ಕಂಬಿಯಿಂದ ತೂತು ಮಾಡಿರಬೇಕು. ಈ ಉಪ್ಪು ಮಳೆಗೆ ತೊಳೆದು ಹೋಗುತ್ತದೆ, ಅದಕ್ಕೇ ಬಿದಿರು ಸೂರಿನ ಒಳಗೇ ಇರಬೇಕು, ನೆಲ ಮುಟ್ಟಬಾರದು.

ಬಿದಿರನ್ನು ಬೆತ್ತಲೆ ಬಿಟ್ಟು ಕಟ್ಟುವ ಮನೆಗಳಿಗಿಂತ, ಬಿದಿರಿನ ಚೌಕಟ್ಟಿಗೆ ತಟ್ಟಿ ಹೆಣೆದು ಎರಡೂ ಕಡೆ ಮಣ್ಣು ಬಳಿದವು ನನಗೆ ಹೆಚ್ಚು ಇಷ್ಟ. ಬಿಸಿಲು, ನೀರು ಎರಡರಿಂದಲೂ ಬಿದಿರಿಗೆ ರಕ್ಷಣೆ ಸಿಗುತ್ತದೆ. ಸದ್ದು ಮಾತ್ರ ಈ ಗೋಡೆ ಅಷ್ಟಾಗಿ ತಡೆಯುವುದಿಲ್ಲ. ಪಕ್ಕದ ಕೋಣೆಯ ಗೊರಕೆ ಕೇಳಿಸುತ್ತದೆ ಅಂತ ಮೊದಲೇ ಒಪ್ಪಿಕೊಳ್ಳಿ.

ಹುಲ್ಲಿನ ಪಿಂಡಿ

ಅಮೆರಿಕದ ನೆಬ್ರಾಸ್ಕಾದಲ್ಲಿ 19ನೇ ಶತಮಾನದ ಕೊನೆಗೆ ಹುಲ್ಲು ಒತ್ತಿ ಪಿಂಡಿ ಕಟ್ಟುವ ಯಂತ್ರ ಬಂತು. ಅಲ್ಲಿ ಮರ ಇರಲಿಲ್ಲ, ಜನ ಪಿಂಡಿಗಳನ್ನೇ ಪೇರಿಸಿ ಮನೆ ಮಾಡಿಕೊಂಡರು. 1928ರಲ್ಲಿ ಆರ್ಥರ್ ಎಂಬ ಊರಿನಲ್ಲಿ ಹುಲ್ಲಿನ ಪಿಂಡಿಯಲ್ಲೇ ಕಟ್ಟಿದ ಚರ್ಚು ಈಗಲೂ ಇದೆ. ಚಳಿ ತಡೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ದಿಮ್ಮಿಸಿದ ಮಣ್ಣಿಗಿಂತ ಶಾಖವನ್ನು ಹತ್ತು ಪಟ್ಟಿಗೂ ಕಡಿಮೆ ಹಾಯಿಸುತ್ತದೆ. ಬೆಂಕಿಯ ಭಯವೂ ಅಂದುಕೊಂಡಷ್ಟಿಲ್ಲ. ಬಿಗಿಯಾಗಿ ಒತ್ತಿ ಗಿಲಾವು ಮಾಡಿದ ಪಿಂಡಿಯೊಳಗೆ ಉರಿಯಲು ಗಾಳಿಯೇ ಇರುವುದಿಲ್ಲ. ಅಪಾಯ ಇರುವುದು ಕಟ್ಟುವಾಗ ನೆಲದ ಮೇಲೆ ಚೆಲ್ಲಿರುವ ಸಡಿಲ ಹುಲ್ಲಿನಲ್ಲಿ.

ತೇವ ಮಾತ್ರ ಇದನ್ನು ಕೊಲ್ಲುತ್ತದೆ. ಪಿಂಡಿಯೊಳಗಿನ ತೇವ ತೂಕದ ಶೇ. 20 ದಾಟಿ ಹಾಗೇ ಉಳಿದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಅದೂ ಗಿಲಾವಿನ ಹಿಂದೆ, ಕಣ್ಣಿಗೆ ಕಾಣದಂತೆ. ತಿಂಗಳುಗಟ್ಟಲೆ ಗಾಳಿಯೇ ಒದ್ದೆಯಾಗಿರುವ, ಬಿಸಿ ಇರುವ ಊರಿನಲ್ಲಿ ಪಿಂಡಿ ಗೋಡೆ ಬೇಡವೇ ಬೇಡ. ಅಲ್ಲಿ ಹುಲ್ಲು ಬೇಕಿದ್ದರೆ ಕತ್ತರಿಸಿ ಮಣ್ಣಿಗೆ ಬೆರೆಸಿ.

ಸೆಕೆ, ಚಳಿ, ನಡುಕ

ದಪ್ಪ ಮಣ್ಣಿನ ಮನೆ ಯಾವಾಗಲೂ ತಂಪು ಅನ್ನುವ ಮಾತು ಅರ್ಧ ನಿಜ. ಮಣ್ಣು ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತಡಮಾಡುತ್ತದೆ. ಮಧ್ಯಾಹ್ನ ಹೊರಗೆ ಬಿದ್ದ ಶಾಖ ಒಳಗೆ ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಹಗಲು ಸುಡುವ, ರಾತ್ರಿ ತಣ್ಣಗಾಗುವ ಒಣ ಊರಿಗೆ ಇದು ವರ. ಕಿಟಕಿ ತೆರೆದಿಟ್ಟರೆ ಬೆಳಗಾಗುವುದರೊಳಗೆ ಗೋಡೆ ಮತ್ತೆ ತಣ್ಣಗಾಗುತ್ತದೆ. ಆದರೆ ರಾತ್ರಿಯೂ ಸೆಕೆ ಇಳಿಯದ ಕರಾವಳಿಯಂಥ ಜಾಗದಲ್ಲಿ ಆ ಗೋಡೆ ಮಲಗುವ ಹೊತ್ತಿಗೆ ಶಾಖ ಬಿಡುತ್ತಾ ಕೂರುತ್ತದೆ. ಅಲ್ಲಿ ತೆಳು ಗೋಡೆ, ಎದುರು ಬದುರು ಕಿಟಕಿ, ಎತ್ತರದ ಮಾಡು ಇದ್ದರೆ ಸುಖ. ಕೊರೆಯುವ ಚಳಿಗೆ ಮಣ್ಣೊಂದೇ ಸಾಲದು. ಹುಲ್ಲಿನ ಪಿಂಡಿಯೋ, ಜೇಡಿನೀರಿನಲ್ಲಿ ಅದ್ದಿ ತುಂಬಿದ ಸಡಿಲ ಹುಲ್ಲೋ ಬೇಕು.

ಭೂಕಂಪದ ವಿಷಯ ಕಟುವಾಗಿಯೇ ಹೇಳಬೇಕು. 2003ರ ಡಿಸೆಂಬರ್‌ನಲ್ಲಿ ಇರಾನಿನ ಬಾಮ್ ನಗರದಲ್ಲಿ ಹಸಿ ಇಟ್ಟಿಗೆಯ ಮನೆಗಳು ಕುಸಿದು ಸಾವಿರಾರು ಜನ ಸತ್ತರು. ಭಾರದ ಗೋಡೆ, ಭಾರದ ಮಾಡು, ಎರಡನ್ನೂ ಹಿಡಿದು ಕಟ್ಟುವ ಪಟ್ಟಿ ಇಲ್ಲ. ಅದೇ 2001ರ ಕಛ್ ಭೂಕಂಪದಲ್ಲಿ ದುಂಡಗಿನ ಭುಂಗಾ ಮನೆಗಳು, 2005ರ ಕಾಶ್ಮೀರದ ಭೂಕಂಪದಲ್ಲಿ ಮರದ ಚೌಕಟ್ಟಿನ ನಡುವೆ ಕಲ್ಲುಮಣ್ಣು ತುಂಬಿದ ಧಜ್ಜಿ ಗೋಡೆಗಳು ಚೆನ್ನಾಗಿ ತಾಳಿದವು. ನೆಲ ಅಲುಗುವ ಊರಾದರೆ ಬಿದಿರು ಅಥವಾ ಮರದ ಚೌಕಟ್ಟಿಗೆ ಮಣ್ಣು ತುಂಬುವ ವಿಧಾನವನ್ನೇ ಮೊದಲು ನೋಡಿ. ಬರೀ ಮಣ್ಣಿನ ಗೋಡೆಯೇ ಬೇಕಿದ್ದರೆ ಎತ್ತರ ದಪ್ಪದ ಎಂಟು ಪಟ್ಟು ದಾಟದಿರಲಿ. ಬಾಗಿಲು ಕಿಟಕಿ ಮೂಲೆಯಿಂದ ದೂರ ಇರಲಿ. ಗೋಡೆಯ ತಲೆಯ ಮೇಲೆ ಸುತ್ತಲೂ ಒಂದೇ ಪಟ್ಟಿ ಹಾಯಲಿ. ಇದಿಷ್ಟೇ ಸಾಕು ಅಂತಲ್ಲ, ಅಂಥ ಊರಿನಲ್ಲಿ ತಿಳಿದವರ ಕೈಯಲ್ಲಿ ನಕ್ಷೆ ಮಾಡಿಸಿ.

ಮಾಡು, ಗಿಲಾವು, ಬಚ್ಚಲು

ಗೋಡೆಗೆ ಇಷ್ಟು ಯೋಚನೆ ಮಾಡಿದವರು ಮಾಡಿನ ವಿಷಯದಲ್ಲಿ ಎಡವುತ್ತಾರೆ. ಹುಲ್ಲಿನ ಮಾಡು ತಂಪು, ಹಗುರ, ಆದರೆ ಇಳಿಜಾರು ಕಡಿದಾಗಿರಬೇಕು. 45 ಡಿಗ್ರಿಗಿಂತ ಕಡಿಮೆಯಾದರೆ ನೀರು ನಿಧಾನವಾಗಿ ಇಳಿದು ಹುಲ್ಲು ಕೊಳೆಯುತ್ತದೆ. ಅದರಿಂದ ಕುಡಿಯುವಂಥ ಮಳೆನೀರೂ ಸಿಗುವುದಿಲ್ಲ. ಹಂಚಿಗೆ ಮರ ಬೇಕು. ತಗಡು ನೈಸರ್ಗಿಕ ಅಲ್ಲ, ಮಳೆಗೆ ಸದ್ದು ಬೇರೆ. ಆದರೂ ಮಣ್ಣಿನ ಗೋಡೆಯ ಮೇಲೆ ಸೋರುವ ಹುಲ್ಲಿಗಿಂತ ಸೋರದ ತಗಡು ಸಾವಿರ ಪಾಲು ಮೇಲು ಅನ್ನುವವನು ನಾನು. ಕೆಳಗೆ ಬಿದಿರಿನ ಚಾಪೆಯೋ ಹಲಗೆಯೋ ಹೊಡೆದು ನಡುವೆ ಗಾಳಿಯಾಡಲು ಜಾಗ ಬಿಟ್ಟರೆ ಸೆಕೆ, ಸದ್ದು ಎರಡೂ ಇಳಿಯುತ್ತದೆ. ಯಾವುದೇ ಮಾಡಾಗಲಿ, ಸೂರು ಎರಡರಿಂದ ಮೂರಡಿ ಹೊರಗೆ ಬರಲಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಹಾಕುವುದು ಬಹಳ ಕಡೆ ಕಾಣುವ ತಪ್ಪು. ಗಟ್ಟಿಯಾಗಲಿ ಅಂತ ಹಾಕುತ್ತಾರೆ. ಆಗುವುದು ಏನೆಂದರೆ, ಮಣ್ಣು ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಅಷ್ಟು ಬಗ್ಗುವುದಿಲ್ಲ. ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಸಿಮೆಂಟ್ ಪದರ ಅದನ್ನು ಹೊರಗೆ ಆರಲು ಬಿಡುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಂದು ದಿನ ದೊಡ್ಡ ಹಕ್ಕಳೆಯಾಗಿ ಕಳಚಿ ಬೀಳುತ್ತದೆ, ಹಿಂದಿನ ಮಣ್ಣು ಆಗಲೇ ಕೆಸರಾಗಿರುತ್ತದೆ. ಇದರ ಬದಲು ಮಣ್ಣಿನ ಗಿಲಾವು ಹಾಕಿ, ಮಳೆ ಹೊಡೆಯುವ ಕಡೆ ಮೇಲೆ ಸುಣ್ಣದ ಗಾರೆ ಕೊಡಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮೆಲ್ಲಗೆ ಗಟ್ಟಿಯಾಗುತ್ತದೆ. ತೆಳುವಾಗಿ ಎರಡು ಮೂರು ಪದರ ಹಾಕಿ, ನೇರ ಬಿಸಿಲು ಬೀಳದಂತೆ ಗೋಣಿ ಕಟ್ಟಿ ತೇವ ಇಡಬೇಕು. ಅವಸರದ ಗಿಲಾವಿಗೆ ಸುಣ್ಣ ಒಗ್ಗುವುದಿಲ್ಲ.

ಬಚ್ಚಲಿಗೆ, ಅಡುಗೆಮನೆಯ ತೊಳೆಯುವ ಕಟ್ಟೆಗೆ ಹಸಿ ಮಣ್ಣು ಬೇಡ. ಎರಡನ್ನೂ ಮನೆಯ ಒಂದೇ ಮೂಲೆಗೆ ತಂದು ಆ ಒಂದೆರಡು ಗೋಡೆಯನ್ನು ಸುಟ್ಟ ಇಟ್ಟಿಗೆ ಅಥವಾ ಕಲ್ಲಿನಲ್ಲಿ ಕಟ್ಟಿ. ಇಟ್ಟಿಗೆಯನ್ನು ಅಡ್ಡಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಕಟ್ಟಿನಲ್ಲಿ ನಾಲ್ಕನೇ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ತಾವು ಕಟ್ಟಿದ ಮನೆಗಳಲ್ಲಿ ಇದನ್ನು ಬಹಳ ಬಳಸಿದರು. ಬಚ್ಚಲಿನ ನೀರು ತಾಗುವ ಗೋಡೆಯನ್ನು ಮಾತ್ರ ಪೊಳ್ಳು ಬಿಡದೆ ಕಟ್ಟಿಸಿ. ನೀರಿನ ಪೈಪನ್ನು ಮಣ್ಣಿನ ಗೋಡೆಯೊಳಗೆ ಹೂಳಬೇಡಿ. ಜಿನುಗಿದರೆ ಗೊತ್ತಾಗುವಷ್ಟರಲ್ಲಿ ಗೋಡೆಯ ಬುಡ ಹೋಗಿರುತ್ತದೆ. ಹೊರಗೆ ಕಾಣುವಂತೆ ಓಡಿಸಿ, ಚೆಂದ ಕಾಣದಿದ್ದರೂ ಪರವಾಗಿಲ್ಲ.

ಹಾಗಾದರೆ ಯಾವುದು?

ಮಳೆ ಜಾಸ್ತಿ, ಜಾಗ ಕಡಿಮೆ, ಮನೆ ಆಗಾಗ ಬೀಗ ಹಾಕಿರುತ್ತದೆ ಅಂದರೆ ಕಲ್ಲಿನ ಪಾಯದ ಮೇಲೆ ಸಿಮೆಂಟ್ ಅಥವಾ ಸುಣ್ಣ ಬೆರೆಸಿ ಒತ್ತಿದ ಇಟ್ಟಿಗೆ. ಜಂಬಿಟ್ಟಿಗೆ ಹತ್ತಿರದಲ್ಲಿದ್ದರೆ ಅದೇ. ಒಣ ಊರು, ನೀವೇ ವಾಸ ಇರುತ್ತೀರಿ, ಕೈಕೆಲಸಕ್ಕೆ ಮನಸ್ಸಿದೆ ಅಂದರೆ ಹಸಿ ಇಟ್ಟಿಗೆ. ಮುದ್ದೆ ಗೋಡೆಯ ಆಸೆ ಇದ್ದರೆ ಒಂದು ಗೋಡೆಗೆ, ಒಂದು ಕಟ್ಟೆಗೆ ಸೀಮಿತ ಮಾಡಿ. ಸೆಕೆಯ ಊರು, ನೆಲ ಅಲುಗುವ ಊರು, ಉಬ್ಬುವ ಕಪ್ಪು ಮಣ್ಣು, ಈ ಮೂರರಲ್ಲಿ ಯಾವುದಿದ್ದರೂ ಬಿದಿರು ಮಣ್ಣಿನ ತೆಳು ಗೋಡೆ. ಒಣ ಚಳಿಯ ಊರಿಗೆ ಹುಲ್ಲಿನ ಪಿಂಡಿ.

ಆರಿಸಿದ ಮೇಲೂ ನೇರ ಪಾಯ ತೋಡಬೇಡಿ. ಮೂರಡಿ ಉದ್ದ, ಮೂರಡಿ ಎತ್ತರದ ಒಂದು ತುಂಡು ಗೋಡೆ ಕಟ್ಟಿಸಿ. ಅದೇ ಮಣ್ಣು, ಅದೇ ಮೇಸ್ತ್ರಿ, ಅದೇ ಗಿಲಾವು. ಅರ್ಧಕ್ಕೆ ಸೂರಿನಂತೆ ತಗಡು ಹೊದಿಸಿ, ಇನ್ನರ್ಧ ಬಯಲಿಗೆ ಬಿಡಿ. ಮಳೆಗಾಲಕ್ಕೆ ಕಾಯಲಾಗದಿದ್ದರೆ ಪೈಪು ಹಿಡಿದು ದಿನವೂ ಅರ್ಧ ಗಂಟೆ ನೀರು ಬಿಡಿ, ಸಂಜೆ ಒಣಗಲು ಬಿಡಿ. ಬುಡದಲ್ಲಿ ಎಷ್ಟು ಸವೆಯಿತು, ಗಿಲಾವು ಎಲ್ಲಿ ಬಿಟ್ಟುಕೊಂಡಿತು, ಒಣಗಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಆ ಗೋಡೆ ಕಟ್ಟಲು ಮೇಸ್ತ್ರಿಗೆ ಎಷ್ಟು ದಿನ ಬೇಕಾಯಿತು ಅನ್ನುವುದನ್ನೂ ಬರೆಯಿರಿ. ಕೂಲಿಯ ಅಂದಾಜು ಅದರಿಂದಲೇ ಸಿಗುತ್ತದೆ.